ಒಲೆರಾಯ ಬಿದ್ದ ಹೊತ್ತು

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಕಿರಿಸೊಸೆಯ ಕಡೆಗೆ ತಿರುಗಿಸಿದಾಗಲೇ ಅವಳಿಗೆ ಮೈ ಉರಿಯತೊಡಗಿತ್ತು. ಪರದೆಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಏರುವ ಒಂದು ಗೆರೆ. ಆ ಗೆರೆ ಇನ್ನೂ ತಗ್ಗಿನಲ್ಲಿರುವ ಕಡೆ, ಅದಕ್ಕಿಂತ ಎಷ್ಟೋ ಎತ್ತರದಲ್ಲಿ, ಗುಂಪು ಬಿಟ್ಟ ಹಕ್ಕಿಯ ಹಾಗೆ ಒಂದು ಕೆಂಪು ಚುಕ್ಕೆ. ಆ ಚುಕ್ಕೆಯೇ ಅವಳ ಗಂಡನಂತೆ.

"ಮೆದುಳಲ್ಲಿ ರಕ್ತಸ್ರಾವ ಆದಾಗ ಅಲ್ಲಿನ ಜೀವಕೋಶ ಒಡೀತವೆ. ಒಡೆದಾಗ ಅದರೊಳಗಿನ ಒಂದು ಪ್ರೋಟೀನು ರಕ್ತಕ್ಕೆ ಸೋರುತ್ತೆ. ಅದನ್ನ ಅಳೆದರೆ ಮನುಷ್ಯ ಎಷ್ಟರ ಮಟ್ಟಿಗೆ ಚೇತರಿಸ್ಕೋಬಹುದು ಅಂತ ಒಂದು ಅಂದಾಜು ಸಿಗುತ್ತೆ," ಎಂದರು ಡಾಕ್ಟರು. ಕನ್ನಡಕವನ್ನು ತಲೆಗೂದಲ ಮೇಲಕ್ಕೆ ಏರಿಸಿಕೊಂಡಿದ್ದ, ನಿದ್ದೆಗೆಟ್ಟ ಮುಖದ ಹೆಂಗಸು. ದನಿಯಲ್ಲಿ ಕಠಿಣತನ ಎಳ್ಳಷ್ಟೂ ಇರಲಿಲ್ಲ. ಅದೇ ಕಿರಿಸೊಸೆಯ ಸಿಟ್ಟನ್ನು ಹೆಚ್ಚಿಸಿತು. ಒರಟಾಗಿ ಹೇಳಿದ್ದರೆ ಒರಟಾಗಿಯೇ ಜಗಳಕ್ಕೆ ಇಳಿಯಬಹುದಿತ್ತು.

"ಇದು ಹೊತ್ತು ಕಳೆದ ಹಾಗೆ ಏರುತ್ತೆ, ಅದು ಸಹಜ," ಡಾಕ್ಟರು ಗೆರೆಯ ಮೇಲೆ ಪೆನ್ನು ಆಡಿಸಿದರು. "ಆದ್ರೆ ಇವರು ಬಿದ್ದ ಕೂಡಲೇ ಬಂದಿದ್ದಾರೆ, ಬಂದ ಕೂಡಲೇ ರಕ್ತ ತೆಗೆದಿದ್ದೀವಿ. ಅಷ್ಟರೊಳಗೇ ಇಷ್ಟು ಏರಿದೆ. ಇಷ್ಟು ಬೇಗ ಇಷ್ಟು ಏರಿದವರಲ್ಲಿ ಮಾತು, ನಡಿಗೆ ವಾಪಸ್ ಬಂದಿರೋದು ಕಡಿಮೆ."

"ಕಡಿಮೆ ಅಂದ್ರೆ?" ಕಿರಿಸೊಸೆ ಕೇಳಿದಳು.

"ತುಂಬಾ ಕಡಿಮೆ. ಅದಕ್ಕೇ ನಿಮ್ಮನ್ನ ಕರೆಸಿದ್ದು. ಥೆರಪಿ ವಾರ್ಡಲ್ಲಿ ಹಾಸಿಗೆ ಕೆಲವೇ ಇರೋದು. ಯಾರಿಗೆ ಕೊಡೋದು ಅಂತ ನಾಳೆ ಬೆಳಿಗ್ಗೆ ನಾವೆಲ್ಲ ಕೂತು ತೀರ್ಮಾನ ಮಾಡ್ತೀವಿ. ಈ ಅಂಕಿ ಒಂದನ್ನೇ ನೋಡಲ್ಲ. ಆದ್ರೆ ನೋಡ್ತೀವಿ."

"ಹಾಸಿಗೆ ಸಿಗದಿದ್ರೆ?"

"ಮನೆಗೆ ಕರ್ಕೊಂಡ್ ಹೋಗ್ಬೇಕಾಗುತ್ತೆ. ಮಗ್ಗುಲು ಬದಲಿಸೋದು, ಊಟ ಮಾಡಿಸೋದು, ಎಲ್ಲಾ ನರ್ಸ್ ಹೇಳಿಕೊಡ್ತಾರೆ."

ಪಕ್ಕದ ಕುರ್ಚಿಯಲ್ಲಿದ್ದ ಭಾವ, ಅಂದರೆ ಗಂಡನ ಅಣ್ಣ, ತಲೆಯಾಡಿಸಿದ. "ಆಗ್ಲಿ ಡಾಕ್ಟ್ರೇ. ನೀವು ಹೇಳಿದ ಹಾಗೇ ಆಗ್ಲಿ."

ಬ್ರೆಡ್ಡು ಸೀದಿದೆ ಎಂದು ಗಿರಾಕಿ ಹೇಳಿದರೂ ಹತ್ತು ಮಾತು ಎದುರಾಡುವ ಗಂಡಸು ಇಲ್ಲಿ ಹಸುವಿನ ಹಾಗೆ ತಲೆಯಾಡಿಸುತ್ತಿದ್ದಾನಲ್ಲ ಎಂದು ಕಿರಿಸೊಸೆ ಅವನ ಕಡೆ ತಿರುಗಿದಳು. ಅವನು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

"ನಿನ್ನೆ ಪಕ್ಕದ ಹಾಸಿಗೆಯವರ ತಟ್ಟೆಯಿಂದ ಒಂದು ತುಂಡು ಬ್ರೆಡ್ ಎತ್ಕೊಂಡ್ರು ಮೇಡಂ," ಅವಳು ಡಾಕ್ಟರಿಗೆ ಹೇಳಿದಳು. "ಎಡಗೈಯಲ್ಲಿ. ಹೆಬ್ಬೆಟ್ಟಲ್ಲಿ ಒತ್ತಿ ನೋಡಿದ್ರು. ಒತ್ತಿದ ಕುಳಿ ಮೇಲಕ್ಕೆ ಬರಲಿಲ್ಲ, ಹಿಟ್ಟು ಹಸಿಯಾಗಿತ್ತು. ಮುಖ ಸಿಂಡರಿಸಿ ವಾಪಸ್ ಇಟ್ರು. ಬ್ರೆಡ್ ಬೆಂದಿದೆಯೋ ಇಲ್ವೋ ಅಂತ ಗೊತ್ತಾಗೋ ತಲೆ ಸತ್ತುಹೋಗಿರುತ್ತಾ? ನಿಮ್ಮ ಚುಕ್ಕೆಗೆ ಅದೆಲ್ಲ ಕಾಣುತ್ತಾ?"

"ಅದು ಒಳ್ಳೇ ಲಕ್ಷಣಾನೇ," ಡಾಕ್ಟರು ಸಮಾಧಾನದಿಂದಲೇ ಹೇಳಿದರು. "ಆದ್ರೆ ವರ್ಷಾನುಗಟ್ಟಲೆ ಮಾಡಿದ ಕೆಲಸ ಕೈಗೆ ತಾನಾಗೇ ಬರುತ್ತೆ. ಅದರ ಮೇಲೆ ಆಸೆ ಇಟ್ಕೋಬೇಡಿ ಅಂತ ಹೇಳೋದು ನನ್ನ ಕರ್ತವ್ಯ."

"ದೊಡ್ಡೋರ ಹತ್ರ ಹಾಗೆಲ್ಲ ಮಾತಾಡ್ಬೇಡಮ್ಮ," ಎಂದ ಭಾವ, ಚಪ್ಪಲಿಗೆ.

ಆಸ್ಪತ್ರೆಯ ಮೆಟ್ಟಿಲುಗಳನ್ನು ಅವಳು ಭಾವನಿಗಿಂತ ಮುಂದೆ ದಡದಡ ಇಳಿದಳು. ಗಂಡ ಬಿದ್ದು ಆಸ್ಪತ್ರೆ ಸೇರಿದ ಮೇಲೆ ಅವಳು ಎಲ್ಲರ ಮೇಲೂ ಸಿಟ್ಟಾಗಿದ್ದಳು: ಬಾಗಿಲಲ್ಲಿ ತಡೆಯುವ ಕಾವಲುಗಾರನ ಮೇಲೆ, ಬಿಸಿನೀರು ಬಾರದ ನಲ್ಲಿಯ ಮೇಲೆ, "ದೇವರಿದ್ದಾನೆ" ಎಂದು ಹೇಳಿ ಹೊರಟುಹೋಗುವ ನೆಂಟರ ಮೇಲೆ. ತನ್ನ ಮೇಲೂ ಇತ್ತು. ಅವತ್ತು ತಾನು ಪರದೆ ಹೊಲಿಯುವ ಅಂಗಡಿಯಲ್ಲಿ ಯಾರದೋ ಮನೆಯ ಕಿಟಕಿಗೆ ಅಂಚು ಮಡಿಸುತ್ತ ಕೂತಿದ್ದೆನಲ್ಲ, ಅಲ್ಲಿ ಇದ್ದಿದ್ದರೆ, ಎಂಬುದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಬಿಡದೆ ಕಾಡುತ್ತಿತ್ತು. ಈಗ ಸಿಟ್ಟಿಗೆ ಒಂದು ಹೊಸ ಗುರಿ ಸಿಕ್ಕಿತ್ತು. ಒಂದು ತೊಟ್ಟು ರಕ್ತ ಸಾಕಂತೆ, ಮನುಷ್ಯನನ್ನು ಮೂಲೆಗೆ ಹಾಕಿ ಮಗ್ಗುಲು ಬದಲಿಸುತ್ತಿರಿ ಎಂದು ಹೇಳಲು.

ಗಂಡನ ಮೆತ್ತನೆಯ ಚಪ್ಪಲಿ ಮತ್ತು ಶೇವಿಂಗ್ ಸಾಮಾನು ಬೇಕರಿಯ ಹಿಂದಿನ ಕೋಣೆಯಲ್ಲಿದ್ದವು. ಅವನ್ನು ತರಲು ಭಾವನ ಜೊತೆ ಬಂದಳು. ಅವನು ಬೈಕು ನಿಲ್ಲಿಸಿ ಅಂಗಡಿಗೆ ಹೋದ. ಅವಳು ಹಿಂಬಾಗಿಲಿನಿಂದ ಒಳಗೆ ಹೋದಳು.

ಬೇಕರಿ ಮನೆತನದ್ದು. ಮುಂದೆ ಗಾಜಿನ ಕಪಾಟು, ಗಲ್ಲಾಪೆಟ್ಟಿಗೆಗೆ ಅತ್ತೆ, ವ್ಯವಹಾರಕ್ಕೆ ಭಾವ. ಹಿಂದೆ ಒಲೆ. ಒಲೆಗೆ ಅವಳ ಗಂಡ. ಅಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರ ಬಾಯಲ್ಲೂ 'ಒಲೆರಾಯ'. ಒಲೆಯ ಬಾಗಿಲು ತೆರೆಯುವ ಹಕ್ಕು ಅವನೊಬ್ಬನದು. ಭಾವನೂ ಕೇಳಿಯೇ ತೆರೆಯಬೇಕು. ಈಗ ಆ ಒಲೆಯ ಮುಂದೆ ಬನ್‌ಮಾವ ನಿಂತಿದ್ದ. ಬನ್ನು ಉಂಡೆ ಕಟ್ಟಿಯೇ ಜೀವ ಸವೆಸಿದ ಮುದುಕ. ಸಂಬಂಧದಲ್ಲಿ ಯಾರಿಗೂ ಮಾವನಲ್ಲ, ಆದರೂ ಎಲ್ಲರಿಗೂ ಮಾವ.

"ಬಾ ತಾಯಿ, ಬಾ. ಹೇಗಿದ್ದಾನೆ ನಮ್ಮ ರಾಯ?"

"ಹಾಗೇ ಇದ್ದಾರೆ ಮಾವ."

"ಒಲೆ ನನ್ನ ಮಾತು ಕೇಳ್ತಿಲ್ಲ ಕಣೇ. ಈ ಕಡೆ ಸುಟ್ಟರೆ ಆ ಕಡೆ ಹಸಿ. ಬಂದು ಬೈದು ಸರಿಮಾಡು ಅಂತ ಹೇಳು ಅವನಿಗೆ." ಮುದುಕ ನಗಲು ನೋಡಿದ, ಆಗಲಿಲ್ಲ. ಕಣ್ಣೊರೆಸಿಕೊಂಡಾಗ ರೆಪ್ಪೆಗೆಲ್ಲ ಹಿಟ್ಟು ಹತ್ತಿತು. "ನಾನೇ ಹೊದಿಸಿದ್ದು ತಾಯಿ ಅವತ್ತು. ಗಾಳಿ ಬರ್ತಿತ್ತು ಅಂತ ನನ್ನ ಟವೆಲ್ಲೇ ಹೊದಿಸಿದೆ. ಹೊದಿಸಿ ಬಂದೋನು ನಾನೇ."

"ಯಾವತ್ತು? ಎಲ್ಲಿ?"

"ಅದೇ, ಅಲ್ಲಿ." ಮುದುಕ ಮೂಲೆಯ ಮೈದಾ ಚೀಲಗಳ ಕಡೆ ಗದ್ದ ಎತ್ತಿದ.

ಆ ಚೀಲಗಳ ಬಗ್ಗೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬೇಕರಿಯಲ್ಲಿ ಒಂದು ಕಟ್ಟಳೆ ಇತ್ತು, ಗಂಡನ ಅಪ್ಪನ ಕಾಲದಿಂದ. ಕತ್ತಲಲ್ಲೇ ಎದ್ದು ಬೆಳಗಿನ ಬ್ರೆಡ್ಡು ಇಳಿಸಿದ ಒಲೆಯವನು ಹಿಟ್ಟಿನ ಚೀಲದ ಮೇಲೆ ಒರಗಿದರೆ ಅವನಾಗಿ ಏಳುವವರೆಗೆ ಯಾರೂ ಮುಟ್ಟಬಾರದು. ಎಬ್ಬಿಸಿದವನು ಮುಂದಿನ ಸಲದ ಬ್ರೆಡ್ಡನ್ನು ಒಲೆಯ ಮುಂದೆ ನಿಂತು ತಾನೇ ಬೇಯಿಸಿ ಇಳಿಸಬೇಕು. ಆ ದಂಡಕ್ಕೆ ಹೆದರಿ ಯಾರೂ ಎಬ್ಬಿಸುತ್ತಿರಲಿಲ್ಲ. ಬರಬರುತ್ತ ಹೆದರಿಕೆ ಹೋಗಿ ಅದೊಂದು ಮರ್ಯಾದೆಯೇ ಆಗಿತ್ತು. ಒಲೆರಾಯ ಮಲಗಿದ್ದಾಗ ತಟ್ಟೆ ಕೆಳಗಿಡುವವರು ಕೂಡ ಬಟ್ಟೆ ಹಾಸಿ ಇಡುತ್ತಿದ್ದರು.

"ಅವರು ಅಂಗಡಿ ಮುಂದೆ ಬಿದ್ದದ್ದಲ್ವಾ ಮಾವ? ಚೀಲ ಇಳಿಸುವಾಗ? ಭಾವನ ಕಣ್ಣೆದುರಿಗೇ?"

ಬನ್‌ಮಾವನ ಕೈ ಹಿಟ್ಟಿನಲ್ಲೇ ನಿಂತಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ ಏನೇನು ಮಾಡಬಹುದೋ ಅಷ್ಟನ್ನೂ ಮಾಡಿತು.

"ಮಾವ."

"ನಿಮ್ಮ ಭಾವ ಹಾಗಂತ ಹೇಳಿದನೇನು?"

"ಮಾವ, ಅವರು ಎಷ್ಟು ಹೊತ್ತು ಇಲ್ಲಿ ಬಿದ್ದಿದ್ರು?"

ಮುದುಕ ಕೂತು ಎಲ್ಲವನ್ನೂ ಹೇಳಿದ. ಬೆಳಗಿನ ಬ್ರೆಡ್ಡು ಇಳಿಸಿದ ಮೇಲೆ ಒಲೆರಾಯ ತಲೆನೋವು ಎಂದು ಹೇಳಿ ಚೀಲಕ್ಕೆ ಒರಗಿದ್ದ. ಮಲಗಿದ. ಗೊರಕೆ ಬಂತು. ಎಂದಿನ ಗೊರಕೆಯಲ್ಲ, ಜೋರಾಗಿ, ಎಳೆದೆಳೆದು. ಹುಡುಗರು ನಕ್ಕರು, ರಾಯರು ಲಾರಿ ಓಡಿಸ್ತಿದ್ದಾರೆ ಎಂದರು. ಭಾವ ಎರಡು ಮೂರು ಸಲ ಬಂದು ನೋಡಿ ಹೋದ. ಮಧ್ಯಾಹ್ನದ ಊಟಕ್ಕೂ ಏಳದಿದ್ದಾಗ ಮುದುಕನೇ ದಂಡ ಬಂದರೆ ಬರಲಿ ಎಂದು ಹೋಗಿ ಭುಜ ಅಲುಗಿಸಿದ. ಮುಖದ ಒಂದು ಕಡೆ ಜೋತುಬಿದ್ದಿತ್ತು. ಜೊಲ್ಲು ಸುರಿದು ಚೀಲದ ಮೇಲಿನ ಹಿಟ್ಟು ಕಣಕವಾಗಿತ್ತು.

"ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ," ಎಂದಳು ಕಿರಿಸೊಸೆ.

"ನಿದ್ದೆ ಅನ್ಕೊಂಡ್ವಿ ತಾಯಿ. ಪಾಪ, ಮಲಗಲಿ ಅಂತ..."

"ಟವೆಲ್ ಹೊದಿಸಿದ್ರಿ."

ಮುದುಕ ತಲೆ ತಗ್ಗಿಸಿದ. ಅವಳಿಗೆ ಅವನನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು. ಅದೇ ಉಸಿರಿನಲ್ಲಿ, ಇಡೀ ಬೇಕರಿಯಲ್ಲಿ ಕೊನೆಗಾದರೂ ಭುಜ ಅಲುಗಿಸಿದವನು ಇವನೊಬ್ಬನೇ ಎಂಬುದೂ ಹೊಳೆಯಿತು. ಆಮೇಲೆ ಡಾಕ್ಟರ ಪೆನ್ನು ಕಣ್ಣ ಮುಂದೆ ಬಂತು. ಬಿದ್ದ ಕೂಡಲೇ ಬಂದಿದ್ದಾರೆ. ಅಷ್ಟರೊಳಗೇ ಇಷ್ಟು ಏರಿದೆ. ಅಷ್ಟರೊಳಗೇ ಅಲ್ಲ! ಆ ಪ್ರೋಟೀನೋ ಮತ್ತೊಂದೋ, ಅರ್ಧ ದಿನ ಸೋರಿದೆ. ಅರ್ಧ ದಿನದ್ದನ್ನು ಒಂದು ಗಳಿಗೆಯದು ಅಂತ ಓದಿದ್ದಾರೆ.

ಚಪ್ಪಲಿ, ಶೇವಿಂಗ್ ಸಾಮಾನು ಅಲ್ಲೇ ಬಿಟ್ಟು ಅವಳು ಅಂಗಡಿಗೆ ನುಗ್ಗಿದಳು.

ಕಪಾಟಿನ ಮುಂದೆ ನಾಲ್ಕೈದು ಗಿರಾಕಿಗಳಿದ್ದರು. ಭಾವ ಬಿಸ್ಕತ್ತು ತೂಗುತ್ತಿದ್ದ.

"ಭಾವ, ಡಾಕ್ಟರಿಗೆ ಯಾಕೆ ಸುಳ್ಳು ಹೇಳಿದ್ರಿ?"

"ಏನಮ್ಮ ಇದು, ಗಿರಾಕಿಗಳಿದ್ದಾರೆ..."

"ಇರ್ಲಿ. ಅವರೂ ಕೇಳ್ಲಿ. ನಿಮ್ಮ ತಮ್ಮ ಯಾವಾಗ ಬಿದ್ರು?"

ಬಿಸ್ಕತ್ತಿನ ಪೊಟ್ಟಣ ಭಾವನ ಕೈಯಲ್ಲೇ ಉಳಿಯಿತು. "ಒಳಗೆ ನಡಿ. ಮಾತಾಡೋಣ."

"ಒಳಗೇನಿದೆ ಮಾತಾಡೋಕೆ? ಒಳಗೆ ಚೀಲ ಇದೆ. ಅದರ ಮೇಲೆ ನಿಮ್ಮ ತಮ್ಮ ಜೊಲ್ಲು ಸುರಿಸ್ಕೊಂಡು ಬಿದ್ದಿದ್ದಾಗ ನೀವು ಬಂದು ನೋಡಿ ನೋಡಿ ಹೋದ್ರಂತೆ. ಆಮೇಲೆ ಆಸ್ಪತ್ರೆಯಲ್ಲಿ ಕಣ್ಣೆದುರಿಗೇ ಬಿದ್ದ ಅಂದ್ರಿ. ಅವರು ಆ ಮಾತನ್ನೇ ನಂಬಿ ಲೆಕ್ಕ ಹಾಕಿ ಕೂತಿದ್ದಾರೆ. ಇವರು ಇನ್ನು ಏಳಲ್ಲ, ಮನೆಗೆ ಕರ್ಕೊಂಡ್ ಹೋಗಿ ಅಂತಿದ್ದಾರೆ. ನೀವು ಅದಕ್ಕೂ ಆಗ್ಲಿ ಡಾಕ್ಟ್ರೇ ಅಂತೀರಲ್ಲ! ನಾಲಿಗೆ ಹೇಗೆ ಹೊರಳ್ತು ನಿಮಗೆ?"

ಗಿರಾಕಿಗಳಲ್ಲಿ ಒಬ್ಬಾಕೆ ಬ್ರೆಡ್ಡನ್ನು ಮೆಲ್ಲಗೆ ಕಪಾಟಿನ ಮೇಲಿಟ್ಟು ಹೊರಗೆ ಹೋದಳು. ಉಳಿದವರು ಹೋಗಲಿಲ್ಲ. ಇಂಥದ್ದನ್ನು ಯಾರು ಬಿಟ್ಟುಹೋಗುತ್ತಾರೆ?

"ತಡ ಆಯ್ತು ಅಂದ್ರೆ ಬೈತಾರೆ, ಸರಿಯಾಗಿ ನೋಡಲ್ಲ ಅನ್ಕೊಂಡೆ," ಎಂದ ಭಾವ. "ಅರ್ಧ ದಿನ ಬಿದ್ದಿದ್ದ, ಅಣ್ಣನೇ ಗಮನಿಸಲಿಲ್ಲ ಅಂದ್ರೆ ಏನಂತಾರೆ? ಆ ಹೊತ್ತಲ್ಲಿ ಬಾಯಿಗೆ ಬಂತು, ಹೇಳಿಬಿಟ್ಟೆ. ಅದು ರಕ್ತದ ಲೆಕ್ಕಕ್ಕೆ ಬರುತ್ತೆ ಅಂತ ನನಗೇನು ಗೊತ್ತು?"

"ಇವತ್ತು ಗೊತ್ತಾಯ್ತಲ್ಲ! ಅವರು ಗೆರೆ ತೋರಿಸಿ ತೋರಿಸಿ ಹೇಳಿದ್ರಲ್ಲ, ಹೊತ್ತಿನ ಮೇಲೆ ಹೋಗುತ್ತೆ ಅಂತ. ಚಪ್ಪಲಿ ನೋಡ್ತಾ ಕೂತಿದ್ರಿ."

ಭಾವ ಬಿಸ್ಕತ್ತಿನ ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟ. ಅವನ ಪರವಾಗಿಯೂ ಒಂದು ಮಾತು ಹೇಳಬೇಕು: ತಮ್ಮನೆಂದರೆ ಅವನಿಗೆ ಪ್ರಾಣ. ಆಸ್ಪತ್ರೆಗೆ ಒಯ್ಯುವಾಗ ಆಟೋದಲ್ಲಿ ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅತ್ತವನು ಅವನೇ. ಕಿರಿಸೊಸೆಗೆ ಅದೂ ಗೊತ್ತಿತ್ತು. ಗೊತ್ತಿದ್ದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಅಷ್ಟು ಪ್ರೀತಿ ಇಟ್ಟುಕೊಂಡು ಒಂದು ನಿಜ ಹೇಳಲಾಗದಿದ್ದರೆ ಆ ಪ್ರೀತಿಯನ್ನು ಕಪಾಟಿನಲ್ಲಿಟ್ಟು ಮಾರಲಿ ಎನಿಸಿತು.

"ಬನ್ನಿ. ಈಗಲೇ ಬಂದು ಡಾಕ್ಟರಿಗೆ ಹೇಳಿ."

"ಈಗ ಹೋಗಿ ಸುಳ್ಳು ಹೇಳಿದ್ದೆ ಅಂತ... ಪೊಲೀಸು ಗಿಲೀಸು ಅಂತ ಆದ್ರೆ? ನಾನು ಯೋಚನೆ ಮಾಡ್ತೀನಮ್ಮ."

"ಮನೆ ಮಾತನ್ನ ಬೀದೀಲಿ ಹಾಕ್ಬೇಡ ಕಣೇ," ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅತ್ತೆ ಎಂದರು. "ಇವನೂ ನನ್ನ ಮಗ, ಅವನೂ ನನ್ನ ಮಗ."

"ಒಬ್ಬ ಮಗ ಇಲ್ಲಿ ಬಿಸ್ಕತ್ತು ತೂಗ್ತಿದ್ದಾನೆ ಅತ್ತೆ. ಇನ್ನೊಬ್ಬನ್ನ ನಾಳೆ ಬೆಳಿಗ್ಗೆ ತೂಗ್ತಾರೆ. ನಿಮಗೆ ಯಾರ ಮಾನ ಉಳೀಬೇಕೋ ನೀವೇ ಹೇಳಿ."

ಉತ್ತರಕ್ಕೆ ಕಾಯದೆ ಅವಳು ಬಸ್ಸು ಹತ್ತಿದಳು.

ಡಾಕ್ಟರು ಮನೆಗೆ ಹೊರಡುವ ತಯಾರಿಯಲ್ಲಿದ್ದರು. ಕಿರಿಸೊಸೆ ಹೇಳಿದ್ದನ್ನೆಲ್ಲ ಕೇಳುತ್ತ ಚೀಲವನ್ನು ಹೆಗಲಿನಿಂದ ಇಳಿಸಿದರು. ಕನ್ನಡಕ ತಲೆಯಿಂದ ಕಣ್ಣಿಗೆ ಬಂತು. ಮೊದಲ ಸಲ ಅವರಿಗೂ ಸಿಟ್ಟು ಬಂದದ್ದು ಕಾಣಿಸಿತು.

"ಬಂದ ದಿನ ಮತ್ತೆ ಮತ್ತೆ ಕೇಳಿದೆ ನಾನು. ಕೊನೇ ಸಲ ಚೆನ್ನಾಗಿದ್ದದ್ದು ಯಾವಾಗ, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ ಅಂತ. ನಿಮ್ಮ ಭಾವ ಆಣೆ ಮಾಡೋದೊಂದು ಬಾಕಿ. ರಕ್ತದ ಅಂಕಿ ಒಂದೇ ಅಲ್ಲಮ್ಮ, ಏನೇನು ಮಾಡಬೇಕು ಅನ್ನೋದೆಲ್ಲ ಆ ಹೊತ್ತಿನ ಮೇಲೇ ನಿಂತಿರುತ್ತೆ. ಮನೆಯವರು ಹೀಗೆ ಮಾಡಿದ್ರೆ ನಾವು ಯಾರನ್ನ ನಂಬೋದು?"

"ನನ್ನ ಮೇಲೆ ಯಾಕೆ ಕೂಗ್ತೀರಿ ಮೇಡಂ? ನಾನು ನಿಜ ಹೇಳೋಕೆ ಬಂದೋಳು. ಮತ್ತೆ ನೀವೂ ಒಂದು ಚುಕ್ಕೆ ಇಟ್ಕೊಂಡು ಅಷ್ಟು ಖಚಿತವಾಗಿ ಹೇಳಿದ್ರಲ್ಲ? ಆಸೆ ಇಟ್ಕೋಬೇಡಿ ಅಂದ್ರಲ್ಲ?"

ಡಾಕ್ಟರು ಕುರ್ಚಿ ಎಳೆದು ಕೂತರು. "ಅಂದೆ," ಎಂದರು. "ಅಷ್ಟು ಖಚಿತವಾಗಿ ಹೇಳಬಾರದಿತ್ತು. ಹೊತ್ತು ಸರಿ ಇದ್ದಿದ್ರೂ ಹೇಳಬಾರದಿತ್ತು."

ಪರದೆಯ ಮೇಲೆ ಅದೇ ಗೆರೆ ಬಂತು. ಅವರು ಕೆಂಪು ಚುಕ್ಕೆಯನ್ನು ಬಲಕ್ಕೆ ಸರಿಸಿದರು. ಚುಕ್ಕೆಯ ಎತ್ತರ ಬದಲಾಗಲಿಲ್ಲ. ಆದರೆ ಗೆರೆ ಆ ಹೊತ್ತಿಗೆ ಏರಿ ಏರಿ ಚುಕ್ಕೆಯ ಕಾಲಬುಡಕ್ಕೆ ಬಂದುಬಿಟ್ಟಿತ್ತು.

"ನೋಡಿ, ಅಂಕಿ ಅದೇ. ಜಾಗ ಬೇರೆ. ಇಲ್ಲಿರೋರಲ್ಲಿ ಎದ್ದು ನಡೆದವರೂ ಇದ್ದಾರೆ, ಏಳದವರೂ ಇದ್ದಾರೆ. ಆದ್ರೆ ಒಂದು ಮಾತು ಮುಚ್ಚಿಡಲ್ಲ. ಚುಕ್ಕೆ ಸರಿಸಿದ್ರೆ ಒಳಗಿನ ಗಾಯ ಸಣ್ಣದಾಗಲ್ಲ. ಆವತ್ತು ತಡ ಆಗಿದ್ದರಿಂದ ಹೆಚ್ಚಾದ ಹಾನಿ ಹೆಚ್ಚಾದದ್ದೇ."

"ಗೊತ್ತು," ಎಂದಳು ಕಿರಿಸೊಸೆ. "ಹಾಗಾದ್ರೆ ನಾಳೆ ಇದನ್ನೇ ಹೇಳಿ ಅಲ್ಲಿ."

"ನೀವು ಅವತ್ತು ಅಲ್ಲಿರಲಿಲ್ಲ. ಕಣ್ಣಾರೆ ಕಂಡವರು ಹೇಳಬೇಕು. ಒಬ್ಬರು ಹೇಳಿದ್ದನ್ನ, ಹಾಸಿಗೆ ಬೇಕಾದಾಗ ಇನ್ನೊಬ್ಬರು ಬಂದು ಬದಲಾಯಿಸಿದ್ರೆ ಅಲ್ಲಿ ಯಾರೂ ಒಪ್ಪಲ್ಲ. ಆ ಹಾಸಿಗೆಗೆ ಕಾಯ್ತಿರೋರ ಮನೆಯವರೂ ನಿಮ್ಮ ಹಾಗೇ ಹೊರಗೆ ನಿಂತಿರ್ತಾರೆ. ಇವತ್ತೇ ಇನ್ನೊಮ್ಮೆ ರಕ್ತ ತೆಗೆಸ್ತೀನಿ. ನಿಮ್ಮ ಭಾವನ್ನ ಕರ್ಕೊಂಡ್ ಬನ್ನಿ."

ಮಾರನೆಯ ಬೆಳಿಗ್ಗೆ ಹಾಸಿಗೆಯ ತೀರ್ಮಾನ ಮಾಡುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವಳು ಒಬ್ಬಳೇ ಕೂತಿದ್ದಳು. ಬಿಳಿ ಕೋಟುಗಳು ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಭಾವನಿಗೆ ಅವಳು ಫೋನು ಮಾಡಿರಲಿಲ್ಲ. ಬೇಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಈಗ ಆ ಹಟದಿಂದಲೇ ಭಯವಾಗುತ್ತಿತ್ತು. ಬೇಡಬೇಕಿತ್ತೇನೋ. ಕಾಲಿಗೆ ಬೀಳಬೇಕಿತ್ತೇನೋ. ತನ್ನ ಸಿಟ್ಟಿನಿಂದ ಗಂಡನ ಹಾಸಿಗೆ ಹೋದರೆ? ಅವಳು ಫೋನು ಕೈಗೆತ್ತಿಕೊಂಡಳು.

ಆಗ ಹಜಾರದ ತುದಿಯಲ್ಲಿ ಮೂವರು ಬರುವುದು ಕಾಣಿಸಿತು. ಮುಂದೆ ಅತ್ತೆ, ಹಿಂದೆ ಮೊಣಕೈವರೆಗೂ ಹಿಟ್ಟಿದ್ದ ಬನ್‌ಮಾವ, ನಡುವೆ ಭಾವ. ಅತ್ತೆ ಅವನ ಅಂಗಿಯ ತೋಳು ಹಿಡಿದುಕೊಂಡೇ ಬರುತ್ತಿದ್ದರು, ಶಾಲೆಗೆ ಚಕ್ಕರ್ ಹೊಡೆದವನನ್ನು ಎಳೆತರುವ ಹಾಗೆ. ಬೇಕರಿಗೆ ಬೀಗ ಹಾಕಿ ಬಂದಿದ್ದರು.

"ರಾತ್ರಿ ಊಟ ಹಾಕಲಿಲ್ಲ ಇವನಿಗೆ," ಎಂದರು ಅತ್ತೆ ಏದುಸಿರಿನಲ್ಲಿ. "ಬೀದಿಗೆ ಬಂದ ಮಾತು ಬಂದೇಬಿಡ್ತು, ಹೋಗಿ ಪೂರ್ತಿ ಹೇಳು ಅಂದೆ. ಎಲ್ಲಿ ಆ ಡಾಕ್ಟರು?"

ಭಾವ ಒಳಗೆ ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಮಾತು ಹೊರಗೆ ಕೇಳುತ್ತಿತ್ತು. "ನಾನು ಸುಳ್ಳು ಹೇಳಿದ್ದೆ," ಎಂದು ಶುರುಮಾಡಿದವನು ಚೀಲ, ಗೊರಕೆ, ತಾನು ಬಂದು ನೋಡಿ ಹೋದದ್ದು, ಎಲ್ಲವನ್ನೂ ಹೇಳಿದ. ಯಾರೋ ಒಬ್ಬರು, "ನೋಡಿಯೂ ಗೊತ್ತಾಗಲಿಲ್ವಾ?" ಎಂದು ಕೇಳಿದರು. "ಎಬ್ಬಿಸಿದ್ರೆ ಮುಂದಿನ ಒಲೆ ಕೆಲಸ ನನ್ನ ತಲೆಗೆ ಬರ್ತಿತ್ತು," ಎಂದು ಭಾವ ಹೇಳಿದ್ದು ಕೇಳಿಸಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಿರಿಸೊಸೆ ಅಳಲಿಲ್ಲ. ಅಷ್ಟೇನಾ, ಅಷ್ಟಕ್ಕೇನಾ ಎಂದು ಅವಳ ಒಳಗೆ ಒಲೆಯ ಬಾಗಿಲು ತೆರೆದ ಹಾಗೆ ಝಳ ಹೊಡೆಯಿತು.

ಡಾಕ್ಟರು ಹೊರಗೆ ಬಂದಾಗ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು.

"ಹಾಸಿಗೆ ಕೊಟ್ಟಿದ್ದೀವಿ," ಎಂದರು. "ಸದ್ಯಕ್ಕೆ. ಸ್ವಲ್ಪ ದಿನ ನೋಡ್ತೀವಿ. ಮುಂದುವರಿಸೋದು ಬಿಡೋದು ಅವರ ಪ್ರಗತಿ ನೋಡಿಕೊಂಡು."

"ನಿನ್ನೆ ತೆಗೆದ ರಕ್ತ ಏನನ್ನುತ್ತೆ?"

"ಸ್ವಲ್ಪ ಇಳಿದಿದೆ. ತೀರಾ ಒಳ್ಳೇದಲ್ಲ, ತೀರಾ ಕೆಟ್ಟದ್ದೂ ಅಲ್ಲ."

"ಅಂದ್ರೆ ಏನರ್ಥ?"

"ಗೊತ್ತಿಲ್ಲ ಅಂತ ಅರ್ಥ," ಎಂದರು ಡಾಕ್ಟರು.

ಆ ಆಸ್ಪತ್ರೆಗೆ ಬಂದಾಗಿನಿಂದ ಕೇಳಿದ ಮಾತುಗಳಲ್ಲೆಲ್ಲ ಅವಳಿಗೆ ಹಿಡಿಸಿದ ಮೊದಲ ಮಾತು ಅದು.

ಥೆರಪಿ ವಾರ್ಡು ಇನ್ನೊಂದು ಕಟ್ಟಡದಲ್ಲಿತ್ತು. ಸ್ಟ್ರೆಚರ್ ತಳ್ಳಲು ಬಂದವನು ಒಬ್ಬನೇ, ಜೊತೆಗೆ ಯಾರಾದರೂ ಕೈ ಹಚ್ಚಿ ಎಂದ. ಕಿರಿಸೊಸೆ ಒಂದು ಪಕ್ಕ ಹಿಡಿದಳು. ಇನ್ನೊಂದು ಪಕ್ಕಕ್ಕೆ ಭಾವ ಬಂದ. ಒಲೆರಾಯ ಮೇಲೆ ಓಡುವ ಟ್ಯೂಬ್‌ಲೈಟುಗಳನ್ನು ನೋಡುತ್ತ ಮಲಗಿದ್ದ.

"ಇನ್ನಾದ್ರೂ ಸಿಟ್ಟು ಬಿಡಮ್ಮ," ಎಂದ ಭಾವ ಮೆಲ್ಲಗೆ. "ಹೇಳಿದ್ನಲ್ಲ, ಎಲ್ಲರೆದುರಿಗೆ."

"ಹೇಳಿದ್ರಿ. ಒಳ್ಳೇದಾಯ್ತು. ಸಿಟ್ಟು ಬಿಡಲ್ಲ."

"ಎಷ್ಟು ದಿನ?"

"ಇವರು ಎದ್ದು ನಿಂತು, ಪರವಾಗಿಲ್ಲ ಬಿಡೇ ಅಂತ ಇವರ ಬಾಯಲ್ಲಿ ಹೇಳೋವರೆಗೆ. ಹೇಳದಿದ್ರೆ ಕೊನೇವರೆಗೂ. ನಾಳೆಯಿಂದ ಮಧ್ಯಾಹ್ನ ನಾನು ಹೊಲಿಗೆಗೆ ಹೋಗ್ಬೇಕು. ಆ ಹೊತ್ತಲ್ಲಿ ನೀವು ಬಂದು ಇವರ ಕೈಕಾಲು ಆಡಿಸ್ಬೇಕು. ದಿನಾ. ಬೇಕರಿ ಮುಚ್ಚಿದ್ರೂ ಸರಿ."

"ಬರ್ತೀನಿ."

"ಸರಿಯಾಗಿ ತಳ್ಳಿ. ನಿಮ್ಮ ಕಡೆ ವಾಲ್ತಿದೆ."

ಎರಡು ಕಟ್ಟಡಗಳ ನಡುವಿನ ದಾರಿಯಲ್ಲಿ ಕಲ್ಲು ಎದ್ದಿತ್ತು. ಭಾವನ ಕಡೆಯ ಚಕ್ರ ಅದರ ಮೇಲೆ ಹತ್ತಿ ದಡಕ್ಕನೆ ಇಳಿಯಿತು. ಸ್ಟ್ರೆಚರಿನ ಮೇಲಿಂದ ಒಂದು ಶಬ್ದ ಬಂತು. ಒಡಕಲು, ಜೊಲ್ಲು ತುಂಬಿದ, ಆದರೆ ಪೂರ್ತಿ ಪದ, ಬಿದ್ದ ಮೇಲೆ ಅವನಾಡಿದ ಮೊದಲನೆಯದು.

"ಕತ್ತೆ!"

ಮೂವರೂ ನಿಂತರು. ತಳ್ಳುವವನಿಗೆ ನಗು ಬಂತು. "ಅರೆ, ಮಾತಾಡ್ತಾರಲ್ಲ! ಯಾರಿಗಮ್ಮ ಬೈದಿದ್ದು, ನನಗಾ?"

ಭಾವ ಸ್ಟ್ರೆಚರಿನ ಸರಳು ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೈಗುಳ ಒಂದು ಬಾಯಿಗೆ ತಾನಾಗೇ ಬಂದಿರಬಹುದು, ಆಸೆ ಇಟ್ಟುಕೊಳ್ಳುವಂಥದ್ದಲ್ಲ ಎಂದು ಡಾಕ್ಟರು ಹೇಳಿಯಾರು. ಹೇಳಲಿ. ಕಿರಿಸೊಸೆ ಗಂಡನ ಮುಖದ ಮೇಲೆ ಬಾಗಿದಳು. ಅವನ ಸರಿಯಿದ್ದ ಅರ್ಧ ಮುಖ ಸಿಟ್ಟಿನಲ್ಲಿ ಗಂಟಿಕ್ಕಿತ್ತು, ಒಲೆಯ ಬಾಗಿಲನ್ನು ಯಾರೋ ಕೇಳದೆ ತೆರೆದ ಹಾಗೆ.

"ಇನ್ನೊಂದ್ಸಲ ಹೇಳಿ ರೀ," ಎಂದಳು. "ಜೋರಾಗಿ ಹೇಳಿ."